ಕಟ್ಟು ನೀರು

ಇಪ್ಪತ್ತೊಂಬತ್ತು ವರ್ಷ ತೂಬು ಎತ್ತಿದೋನು ನಾನು,
ವಿ.ಸಿ. ನಾಲೆಯ ಒಂದು ಕವಲಿಗೆ ನೀರುಗಂಟಿ.
ಎತ್ತೋದೇ ಕೆಲಸ ಕಣಮ್ಮ, ಮುಚ್ಚೋದಲ್ಲ,
ಬಿಟ್ಟರೆ ತೂಬು ಮುಚ್ಕೊಂಡೇ ಇರ್ತದೆ,
ಅಂದೆ.

ಮಂಡ್ಯದ ಆಸ್ಪತ್ರೆಯ ಆ ಎಳೇ ಡಾಕ್ಟರಮ್ಮ
ಬರೆಯೋದು ನಿಲ್ಲಿಸಿ ಮುಖ ನೋಡಿದಳು.
"ತಲೆ ಒಳಗೂ ಹಂಗೇ, ಕರಿಸಿದ್ದಯ್ಯನೋರೇ.
ಕೈಗೆ ಕಾಲಿಗೆ ತಡೆ ಹಾಕೇ ಇರ್ತದೆ.
ಮಿದುಳಿನ ಬುಡದಲ್ಲಿ ಎರೆಮಣ್ಣಿನಂಥ ತುಣುಕು ಜಾಗ,
ಅಲ್ಲಿ ಜಿನುಗೋ ರಸಾನೇ ತಡೆ ಎತ್ತೋದು.
ನಿಮ್ಮದು ಅರ್ಧಕ್ಕೂ ಹೆಚ್ಚು ಬಿಳುಚಿದೆ."

ಕಪ್ಪು ನೆಲ ಬೆಳ್ಳಗಾಗೋದು ಕಂಡಿದೀನಿ,
ಮದ್ದೂರಿನಾಚೆ, ಚೌಳೆದ್ದ ಗದ್ದೇಲಿ.
ನೀರು ಹೆಚ್ಚಾಗಿ ಹಂಗಾಗೋದು. ಇದು?
"ಗೊತ್ತಿಲ್ಲ" ಅಂದಳು.
ಗೊತ್ತಿಲ್ಲ ಅನ್ನೋ ಡಾಕ್ಟರನ್ನ ನಾನು ನಂಬ್ತೀನಿ.

ದೇವೀರಮ್ಮ ಮಾತ್ರ ಬಸ್ಸಿನಲ್ಲಿ ಬೈದಳು:
ಹೆಸರಲ್ಲಿ ಕರಿ ಇಟ್ಕೊಂಡು
ತಲೇಲಿ ಕಳಕೊಂಡ್ಯಲ್ಲ.

ಈ ಬಲಗೈ ನೋಡಿ.
ತೊಡೆ ಮೇಲೆ ಸುಮ್ಮನಿಟ್ಟರೆ
ಕಾಣದ ಬೀಡಿ ಸುತ್ತುತದೆ.
ಲೋಟ ಹಿಡಿಯಲಿ, ನಡುಕ ಮಾಯ.
ಕೆಲಸ ಕೊಟ್ರೆ ತೆಪ್ಪಗೆ, ಬಿಡುವಾದ್ರೆ ರಂಪ,
ನಮ್ಮಪ್ಪನೂ ಹಿಂಗೇ ಇದ್ದ.

ಪಿಂಚಣಿ ಚೀಟಿಗೆ ಸಹಿ ಹಾಕಿದೆ.
ಕ ಕೋಣದಷ್ಟು,
ಸಿ ಕುರಿ,
ಯ್ಯ ಇರುವೆ.
ಬ್ಯಾಂಕಿನೋನು ತಿರುಗಿಸಿ ತಿರುಗಿಸಿ ನೋಡಿದ.
ನಾಲೆ ಕೊನೇ ಭಾಗಕ್ಕೆ ನೀರು ಹೋಗಿಲ್ಲ, ಸ್ವಾಮಿ.

ಬೆಳಗ್ಗೆ ಏಳು, ಹನ್ನೊಂದು,
ಮೂರು, ಮತ್ತೆ ಏಳು.
ಊಟಕ್ಕೆ ಅರ್ಧ ಗಂಟೆ ಮುಂಚೆ,
ಹುರುಳಿ ಬಸ್ಸಾರುಂಡು ನುಂಗಿದರೆ
ಮಾತ್ರೆಗೆ ದಾರಿ ಸಿಕ್ಕಲ್ಲ.
ನೆಲ ತಿರುಗಿ ಕಪ್ಪಾಗಲ್ಲ ಅಲ್ವೇ ಇದರಲ್ಲಿ, ಅಂದೆ.
ಇಲ್ಲ.
ಹಂಗಾದ್ರೆ ಕಟ್ಟು ನೀರು. ಬಿಟ್ಟಾಗ ಬೆಳೆ, ಕಟ್ಟಿದಾಗ ಕಾಯೋದು.
ಆ ಮಾತನ್ನ ಡಾಕ್ಟರಮ್ಮ ಚೀಟಿ ಹಿಂದೆ ಬರಕೊಂಡಳು.

ಗದ್ದೇಲಿ ನಡೀತೀನಿ, ಈಗಲೂ.
ಸಾಲು ದಾಟಿದರೆ ಇನ್ನೊಂದು ಸಾಲು,
ಕಾಲಿಗೆ ಲೆಕ್ಕ ಸಿಗ್ತದೆ.
ನಡುಮನೇಲಿ, ಮಗ ಹಾಕಿಸಿದ ನುಣ್ಣನೆ ಟೈಲ್ಸ್ ಮೇಲೆ
ಪಾದ ಬೇರು ಬಿಡ್ತದೆ.
ಹಿಂದಿನಿಂದ ತಳ್ಳಬೇಡಿ, ಬೀಳ್ತೀನಿ.
ಅದಕ್ಕೇ ದೇವೀರಮ್ಮ
ಮಂಚದಿಂದ ಹೊಸಿಲ ತನಕ
ಗೇಣು ಗೇಣಿಗೆ ರಂಗೋಲಿ ಗೆರೆ ಎಳೀತಾಳೆ,
ಚುಕ್ಕಿಯಿಲ್ಲ, ಹೂವಿಲ್ಲ, ಬರೀ ಅಡ್ಡಗೆರೆ.
ಪಕ್ಕದ ಮನೆಯೋಳು ಕೇಳಿದಳು, ಏನಕ್ಕ ಹಬ್ಬ?
"ನಮ್ಮನೆಯೋರು ಬಚ್ಚಲಿಗೆ ಹೋಗೋ ಹಬ್ಬ."

ಈಗ ಎರಡೂ ಇಪ್ಪತ್ತು.
ಹನ್ನೊಂದರ ನೀರು ಇಂಗಿದೆ,
ಮೂರರದು ಇನ್ನೂ ಡಬ್ಬೀಲಿ.
ಜಗಲಿ ಮೇಲೆ ಕಲ್ಲಿನಂಗೆ ಕೂತಿದೀನಿ.
ಮೂಗಿನ ಮೇಲೆ ನೊಣ. ಓಡಿಸಬೇಕು ಅಂತ ಹೇಳಿ ಕಳಿಸಿದೀನಿ,
ಕೈಗೆ ಮಾತು ಮುಟ್ಟಿಲ್ಲ.

ಚನ್ನಾಜಮ್ಮ ಅಂತ ಒಬ್ಬಳಿದ್ದಳು,
ಕವಲಿನ ಕಟ್ಟಕಡೇ ಹನ್ನೆರಡು ಗುಂಟೆ.
ಸರೊತ್ತಲ್ಲಿ ಬ್ಯಾಟರಿ ಹಿಡಕೊಂಡು ಏರಿ ಮೇಲೆ ಕೂರೋಳು.
ಬತ್ತದೆ, ಕೂತ್ಕೊಳಮ್ಮೋ, ಅಂದುಬಿಟ್ಟು
ಮೇಲ್ಗಡೆಯೋರಿಗೆ ಇನ್ನೊಂದು ಗೇಣು ಎತ್ತಿ
ನಾನು ಮಲಗಿಬಿಡ್ತಿದ್ದೆ.

ಏನು ನೋಡ್ತಾ ಕೂತಿರ್ತಿದ್ದಳೋ ಅಂತ
ಆಗ ಕೇಳಲಿಲ್ಲ.
ಒಣಗಿದ ಕಾಲುವೆ ತಳಾನೇ ಇರಬೇಕು.
ನೀರು ಮುಟ್ಟೋಕೆ ಮುಂಚೆ,
ಅದರ ಮೂತಿಗಿಂತ ಒಂದು ಮಾರು ಮುಂದೆ,
ಮೊಟ್ಟೆ ಕಚ್ಚಿಕೊಂಡು ಓಡಿ ಬರ್ತವಲ್ಲ,
ಆ ಇರುವೆ.