ಉಪ್ಪಿನ ಗಂಟು

ಕಕ್ಕಡದಲ್ಲಿ ಕಳೆ ತೆಗೆಯಲು ಬರುವವರೆಲ್ಲ
ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡೇ ಬರುತ್ತಾರೆ,
ಜಿಗಣೆಗೆ.
ಹಾಜರಿ ಹಾಕುವ ಹೊತ್ತಿಗೆ ಆ ಕೋಲುಗಳು
ನನ್ನ ಆಫೀಸಿನ ಗೋಡೆಗೆ ಒರಗಿ ನಿಂತಿರುತ್ತವೆ.
ಪಾಪುಟ್ಟು ಒಂದೊಂದನ್ನೇ ನೆಕ್ಕುತ್ತಾ ಹೋಗುತ್ತಿದ್ದಳು
ಬಟ್ಟೆ ಒದ್ದೆಯಾಗಿ, ಗಂಟು ಸಡಿಲವಾಗಿ,
ಉಪ್ಪು ಕರಗಿಹೋಗುವವರೆಗೆ.

"ಈ ನಾಯಿಗೆ ಎಲ್ಲೋ ಉಪ್ಪು ಸೋರ್ತಾ ಉಂಟು ರೈಟರಮ್ಮ"
ಎಂದಿದ್ದಳು ಮುತ್ತೆ.
ನಾನು ನಕ್ಕೆ. ಅವಳ ಗಂಟಿಗೆ
ಸ್ಟೋರಿನಿಂದ ಇನ್ನೊಂದು ಹಿಡಿ ಕೊಡಿಸಿ
ಲೆಕ್ಕ ಬರೆದುಕೊಂಡೆ.

ಎರಡು ವರ್ಷವೂ ತುಂಬಿರಲಿಲ್ಲ.
ಬೆಳ್ಳಗೆ, ಮೆತ್ತಗೆ, ತಟ್ಟೆಯಲ್ಲಿ ಬೆಂದ ತರಿಯ ಹಾಗಿದ್ದಳೆಂದು ಆ ಹೆಸರು.
ಒಂದು ವಾರ ವಾಂತಿ, ಒಂದು ವಾರ ಓಟ.
ಡ್ರಿಪ್ ಹಾಕಿದರೆ ಎದ್ದು ಕೂರುವಳು,
ಹತ್ತು ದಿನಕ್ಕೆ ಮತ್ತೆ ಕಾಲು ಮಡಚಿ ಬೀಳುವಳು.
ಏಡಿ ತಿಂದಿರಬೇಕು ಎಂದರು. ಹುಳದ ಮದ್ದು ಕೊಡಿ ಎಂದರು.
ತೋಟಕ್ಕೆ ಹೊಡೆದ ಔಷಧಿ ನೆಕ್ಕಿರಬೇಕು ಎಂದಾಗ
ಸ್ಟಾಕ್ ಪುಸ್ತಕ ತೆರೆದು ದಿನಾಂಕ ಹುಡುಕಿದೆ,
ತಪ್ಪು ನನ್ನ ಕೈಬರಹದಲ್ಲೇ ಸಿಗಬಹುದೆಂದು.

ಪುತ್ತರಿಯ ರಾತ್ರಿ
ಕದಿರು ಕೊಯ್ದ ಗದ್ದೆಯಲ್ಲಿ ಚಿಣ್ಣಪ್ಪನವರ ಕೋವಿ ಸಿಡಿಯಿತು.
ಎಲ್ಲ ಮನೆಯ ನಾಯಿಗಳೂ ಬೊಗಳಿದವು.
ಇವಳು ಬೊಗಳಲಿಲ್ಲ.
ಮಂಚದಡಿ ಸೇರಬೇಕೆಂದು ಹೊರಟು
ಮಂಚದವರೆಗೂ ಹೋಗಲಾರದೆ ಮಲಗಿದಳು.
ವಸಡು ಮುಟ್ಟಿದೆ. ತಣ್ಣಗಿತ್ತು.

ಗೋಣಿಕೊಪ್ಪದಲ್ಲಿ ಡಾಕ್ಟರ್ ಜಬೀನಾ
ಎದೆಗೆ ಸ್ಟೆತ್ ಇಟ್ಟು ವಾಚು ನೋಡಿದರು,
ಮತ್ತೊಮ್ಮೆ ವಾಚು ನೋಡಿದರು.
ರಕ್ತ ಮೈಸೂರಿಗೆ ಹೋಯಿತು, ಮೊದಲ ಬಸ್ಸಿನಲ್ಲಿ,
ಡ್ರೈವರನ ಕಾಲ ಬಳಿ, ಥರ್ಮಾಕೋಲ್ ಡಬ್ಬಿಯೊಳಗೆ.
ಮೂರನೆಯ ದಿನ ಹೆಸರು ಬಂತು: ಅಡಿಸನ್ಸ್.

ಹಳೆಯ ದೊರೆಯೊಬ್ಬನ ಹೆಸರಿನ ಹಾಗೆ ಕೇಳಿಸಿತು.
ಅಡಿಸನ್ ಎಸ್ಟೇಟು, ಅಡಿಸನ್ ಬಂಗಲೆ,
ಪಾಚಿ ಹಿಡಿದ ಗೋರಿಯ ಮೇಲೆ ಅರ್ಧ ಅಳಿಸಿದ ಅಕ್ಷರ.
ಬಂದವನು ಬಿಟ್ಟುಹೋಗುವ ಪೈಕಿಯಲ್ಲ.
"ವಾಸಿಯಾಗುವುದಿಲ್ಲ," ಎಂದರು ಜಬೀನಾ. "ಆದರೆ ಬಾಳುತ್ತಾಳೆ."
ಆ ಎರಡು ಮಾತಿನ ನಡುವೆ
ಹೊರಗೆ ಯಾರದೋ ಹಂದಿಮರಿ ಕಿರುಚಿತು,
ಕಾಂಪೌಂಡರು ಎದ್ದು ಬಾಗಿಲು ಹಾಕಿ ಬಂದ.

ಮೂತ್ರಪಿಂಡದ ಮೇಲೆ ಎರಡು ಪುಟ್ಟ ಗ್ರಂಥಿಗಳಂತೆ.
ಹೆದರಿಕೆಯಾದಾಗ ಅವು ಒಸರಬೇಕಂತೆ.
ಒಸರಿದರೆ ತಾನೆ ಓಡುವುದು, ಅಡಗುವುದು, ಬೊಗಳುವುದು?
ಇವಳಲ್ಲಿ ಅವು ಬತ್ತಿವೆ.
ಹೆದರುವುದಕ್ಕೂ ಮೈಯಲ್ಲಿ ಬಂಡವಾಳ ಬೇಕೆಂದು
ನನಗೆ ಗೊತ್ತಿರಲಿಲ್ಲ.

ಈಗ ಚೆಕ್‌ರೋಲಿನ ಕೊನೆಯ ಪುಟದಲ್ಲಿ ಅವಳದೊಂದು ಸಾಲು.
ಬೆಳಿಗ್ಗೆ ಒಂದು ಮಾತ್ರೆ, ಇನ್ನೊಂದರಲ್ಲಿ ಕಾಲು ಭಾಗ.
ಬ್ಲೇಡಿಗೆ ಸಿಕ್ಕಿ ಪುಡಿಯಾದದ್ದನ್ನು ಬೆರಳಿಗೆ ಅಂಟಿಸಿ
ಕಡಂಬುಟ್ಟಿನ ತುಂಡಿಗೆ ಒತ್ತುತ್ತೇನೆ.
ಮೊದಲ ತಿಂಗಳು, ಗೀಟು ಹಾಕಿದ ಮೇಲೂ ನಂಬಿಕೆಯಿಲ್ಲದೆ
ಮಾತ್ರೆ ಎಣಿಸುತ್ತಿದ್ದೆ. ನಡುರಾತ್ರಿ ಎದ್ದು
ವಸಡು ಮುಟ್ಟಿ ನೋಡುತ್ತಿದ್ದೆ.
ಪಾಪ, ತುಟಿ ಎತ್ತಿಕೊಟ್ಟು ನಿದ್ದೆ ಮುಂದುವರಿಸುತ್ತಿದ್ದಳು.

ಮದುವೆಯ ವಾಲಗ, ಕೈಲ್‌ಪೊಳ್ದಿನ ಗುಂಡು,
ಮೊದಲೇ ಗೊತ್ತಾದರೆ ಮೊದಲೇ ಅರ್ಧ ಮಾತ್ರೆ ಹೆಚ್ಚು.
ಭಯಕ್ಕೆ ಮುಂಗಡ.
ಊರಿನ ಸದ್ದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೇನೆ.
ಚಿಣ್ಣಪ್ಪನವರು ಈಗ ಕೋವಿ ಎತ್ತುವ ಮುಂಚೆ ಫೋನು ಮಾಡುತ್ತಾರೆ:
"ರೈಟರೇ, ನಿಮ್ಮ ಹುಡುಗಿಗೆ ಕೊಟ್ಟಾಯ್ತಾ?"

ಆನೆಗಳು ಮಾತ್ರ ಹೇಳಿ ಬರುವುದಿಲ್ಲ.
ನಿನ್ನೆ ಲೈನಿನ ಹಿಂದಿನ ಹಲಸಿಗೆ ಬಂದಿದ್ದವು.
ಟಾರ್ಚು, ಕೂಗು, ಮೂರು ಪಟಾಕಿ.
ಕತ್ತಲಲ್ಲಿ ಡಬ್ಬಿ ತಡಕುವ ನನ್ನ ಕೈ ನಡುಗುತ್ತಿತ್ತು.
ಪಾಪುಟ್ಟು ಬಾಗಿಲಿಗೆ ಮುಖ ಮಾಡಿ
ಒಂದು ಸಲ, ಒಂದೇ ಸಲ, ಬೊಗಳಿದಳು.
ಆಮೇಲೆ ಬಂದು ನನ್ನ ಬೆವರಿದ ಅಂಗೈ ನೆಕ್ಕತೊಡಗಿದಳು,
ಬೆರಳ ಸಂದಿ, ಮಣಿಕಟ್ಟು, ನಿಲ್ಲಿಸದೆ.

ಪ್ರೀತಿಯೋ,
ಸೋಡಿಯಮ್ ಮತ್ತೆ ಇಳಿದಿದೆಯೋ,
ಗುರುವಾರ ಡಾಕ್ಟರನ್ನು ಕೇಳಬೇಕು
ಎಂದು ಸೊಟ್ಟಗೆ ಬರೆದುಕೊಂಡೆ, ಎಡಗೈಯಲ್ಲಿ.
ಬಲಗೈ ಅವಳ ಹತ್ತಿರ ಇತ್ತು.