ಖಾಲಿ ಮೊಳಿ

ಮುಳಗುಂದ ನಾಕಾದಿಂದ ಹಗ್ಗಾ ಕಟ್ಟಿ ಎಳಕೊಂಡ ಬಂದ್ರು
ಹುಬ್ಬಳ್ಳಿ ರೋಡಿನ ನನ್ನ ಶೆಡ್ಡಿಗೆ.
ಇಪ್ಪತ್ತೆರಡ ವರ್ಷದ ಕಾರು, ಬಣ್ಣ ಒಂದ ಕಾಲಕ್ಕ ಬಿಳಿ.
ಬೆಟಗೇರಿ ಛಾಪಖಾನೆದ ಮಸಿ ಸ್ಟೇರಿಂಗಿಗೂ ಹತ್ತೇತಿ.

‘ಇಸಾಕ, ಬಾಗಲಾ ತಗೀತೈತಿ ನೋಡು.
ಗುಂಡಿ ಒತ್ತಿದ್ರ ಕುಂಯ್ ಅಂತೈತಿ,
ನಾಕೂ ಚಿಲಕಾ ಎದ್ದ ನಿಂದರತಾವ.
ಒಳಗ ಕುಂತು ಕೀಲಿ ತಿರುವಿದ್ರ
ಎರಡ ಸೆಕೆಂದ ಉಸರಾಡಿ, ಗಪ್.’

ಬಾಗಲಾ ತಗದವರೆಲ್ಲಾ ನಂಬ್ಯಾರಂತ ಯಾರ ಹೇಳ್ಯಾರ್ರಿ, ರಾಚಪ್ಪನವರ?
ಕಟ್ಟಿ ಮ್ಯಾಲ ಕುಂದ್ರಸೂದ ಬ್ಯಾರೆ,
ಅಡಗಿಮನಿತನಕಾ ಬಿಡೂದ ಬ್ಯಾರೆ.

ಮೀಟರಿನ್ಯಾಗ ಸಣ್ಣದೊಂದ ಕೆಂಪ ಕೀಲಿ ಕಣ್ಣ ಹೊಡೀತಿತ್ತು.
ಕಂಡ ಕೂಡಲೇ ಗೊತ್ತಾತು. ಆದ್ರೂ ಪಂಪ್ ಬಿಚ್ಚಿದೆ,
ಫ್ಯೂಜ್ ಕಿತ್ತಿದೆ, ವಾಯರ್ ಮೂಸಿದೆ.
ಗಿರಾಕಿ ಎದರ ಕೈ ಹೊಲಸಾಗದಿದ್ರ
ರೊಕ್ಕಾ ಕೇಳೂದು ಕಷ್ಟ.

ಆಮ್ಯಾಲ ಕೀಲಿ ಈಸ್ಕೊಂಡೆ. ಹೊಸಾ ಕವಚ, ಮಿರಿಮಿರಿ.
‘ಬಸ್‌ಸ್ಟ್ಯಾಂಡ ಮುಂದ ಹಾಕಿಸೇನಿ, ನೂರಾ ಎಂಬತ್ತ.
ಹಳೇದು ಬಾಯಿ ಬಿಟ್ಟಿತ್ತು.’
ಬ್ಲೇಡಿಲೆ ಸೀಳಿ ತೋರಿಸಿದೆ:
ಗುಂಡಿ ಹಲಿಗಿ ಐತಿ, ಸೆಲ್ ಐತಿ,
ಮೂಲ್ಯಾಗೊಂದು ಗೂಡು,
ಗೂಡಿನ್ಯಾಗ ಏನೂ ಇಲ್ಲ.

ಅಲ್ಲೊಂದ ಕರೇ ತುಣಕ ಇರತೈತ್ರಿ, ಹುಣಸಿ ಬೀಜದ ಅರ್ಧ.
ಸೆಲ್ ಬೇಡಂಗಿಲ್ಲ ಅದು, ತಂತಿ ಬೇಡಂಗಿಲ್ಲ.
ಕೀಲಿ ಸುತ್ತ ಒಂದ ಬಳಿ ಐತಿ, ಕೇಳತೈತಿ: ಯಾರು?
ಕೇಳಿದವರ ಉಸರಿಲೇನ ಇದು ಎದ್ದು ಹೇಳತೈತಿ: ನಾ.
ಆ ‘ನಾ’ ಕೇಳೂತನಕಾ ಇಂಜಿನ್ನಿಗೆ
ಹನಿ ಎಣ್ಣಿ ಬಿಡಂಗಿಲ್ಲ.

ನಲವತ್ತ ವರ್ಷ ಮೊಳಿ ಜೋಡಿಸಿದ ಬೆರಳು
ಖಾಲಿ ಗೂಡಿನ್ಯಾಗ ಒಂದೀಟ ತಿರುಗ್ಯಾಡಿತು.
‘ಹಳೇ ಕವಚ ಛಾಪಖಾನ್ಯಾಗ ಬಿದ್ದ ಒಡದಿತ್ತಲ್ಲೋ,’ ಅಂದ್ರು.

ನೆಲದ ಮ್ಯಾಲ ಕರ್ರಗ ಏನ ಸಿಕ್ಕರೂ
ಮೊಳಿ ಅಂತ ಖಾನೇಕ ಹಾಕೂದು ಶಾವಂತ್ರವ್ವನ ರೂಢಿ.
ಕಾ-ದಾಗ ಹುಡುಕಿದ್ವಿ, ಳಾ-ದಾಗ ಹುಡುಕಿದ್ವಿ,
ಒತ್ತಕ್ಷರದ ಧೂಳ ಮೂಗಿಗೆ ಏರಿತು.
‘ಅದರ ಮಾರಿ ಮ್ಯಾಲ ಅಕ್ಷರಾನ ಇರಲಿಲ್ಲೋ ತಮ್ಮಾ,’ ಅಂದ್ಲು ಮುದುಕಿ,
‘ಖಾಲಿ ಮೊಳಿ ಸಂಗಾಟ ಹಾಕೇನಿ.’

ಶಬ್ದದ ನಡುವ ಸಂದ ಬಿಡೂ ಮೊಳಿ.
ಮಸಿ ಮುಟ್ಟಂಗಿಲ್ಲ, ಕಾಗದಕ್ಕ ಕಾಣಂಗಿಲ್ಲ.
ಅಲ್ಲೂ ಇರಲಿಲ್ಲ.

ಕಡೀಕ ಸಿಕ್ಕಿದ್ದು ಕಲ್ಲಿನ ಮ್ಯಾಲ, ದಾರಾ ಸುತ್ತಿದ ಫಾರ್ಮಿನ್ಯಾಗ,
ಮೆಣಸಿನಕಾಯಿ ಅಡತಿಯವರ ಪಾವತಿ ಬುಕ್ಕು,
ಕೆಳಗಿನ ಸಾಲು, ‘ಉದ್ರಿ’ಗೂ ‘ಇಲ್ಲ’ಕ್ಕೂ ನಡುವ.
ಚಿಮಟಿಗಿಲೆ ಎತ್ತಿದೆ. ಸಾಲು ಜರಗಿತು.
‘ನಿನ್ನ ಗಾಡಿ ಮಾತಾಡಸಾಕ
ನನ್ನ ಎರಡ ಮಾತ ಕೂಡಿಸಿಬಿಟ್ಟೆಲ್ಲೋ,’
ಅಂತ ಬೈಕೊಂತ ರಟ್ಟಿನ ಚೂರ ಮಡಚಿ ತುರಕಿದ್ಲು.

ಕಾರು ಒಂದ ತಿರುವಿಗೆ ಎದ್ದಿತು. ಕೆಂಪ ಕೀಲಿ ಆರಿತು.

‘ಇದನ್ನ ಆ ಬಳಿಗೇ ಅಂಟಿಸಿಬಿಡು ಇಸಾಕ, ಕಳೀಯೂ ಕಾಟಿಲ್ಲ.’
ಬ್ಯಾಡ್ರಿ. ಹಂಗ ಮಾಡಿದ್ರ ಯಾರ ಬಂದ ಕುಂತ್ರೂ
ನೀವ ಅಂತ ತಿಳೀತೈತಿ ಅದು.
‘ಯಾರ ಒಯ್ತಾರೋ ಇದನ್ನ?’ ನಕ್ಕರು.
ನಾ ನಗಲಿಲ್ಲ. ಒಂದ ಹನಿ ಅಂಟು, ಗೂಡಿನೊಳಗ.

ಇನ್ನೂರ ಕೊಟ್ಟರು. ಮ್ಯಾಲ ನೂರ ಕಾರ್ಡ್ ಛಾಪಿಸಿ ಕಳಿಸ್ಯಾರ.
ನನ್ನ ಹೆಸರಿಗೂ ‘ಅಟೋ ಎಲೆಕ್ಟ್ರಿಶಿಯನ್’ಗೂ ನಡುವ
ಸಂದ ಒಂದೀಟ ಹೆಚ್ಚ ಬಿದ್ದೈತಿ.
ತಿದ್ದಸಾಕ ಹೋಗಿಲ್ಲ.