ಹದಿನೇಳು ಕಾಳು

ಕಲಾಮಾ ಪಟ್ಟಣದ ಮಾಲಿನಲ್ಲಿ ಮೂರನೆಯ ಪರದೆ,
ಶನಿವಾರ ರಾತ್ರಿ, ಅರ್ಧ ಖಾಲಿ.
ಎದುವಿಹಿಸ್ ಮಾಮಾನಿಯ ಮಡಿಲಲ್ಲಿ ಪಾಪ್‌ಕಾರ್ನ್,
ಪಕ್ಕದಲ್ಲಿ ತಂಗಿಯ ಮಗ ವ್ಲಾದಿಮಿರ್.
ಇಬ್ಬರ ನಡುವೆ ಒಂದು ಕರಾರು:
ಕಥೆಯಲ್ಲಿ ತೂತು ಕಂಡರೆ ಬಾಯಿ ಬಿಡುವ ಹಾಗಿಲ್ಲ,
ಅರಳದ ಕಾಳೊಂದನ್ನು ಜೇಬಿಗೆ ಹಾಕಿಕೊಳ್ಳಬೇಕು.
(ಹೋದ ಸಲ ಬಾಯಿ ಬಿಟ್ಟಿದ್ದಳು.
ಮುಂದಿನ ಸಾಲಿನ ಗಣಿ ಕೆಲಸದವರು ತಿರುಗಿ
ಮೊದಲು ಅವಳನ್ನು ನೋಡಿದರು, ಆಮೇಲೆ ಬಾಗಿಲನ್ನು.)

ಹಸಿರು ತಟ್ಟೆಗಳು ಬಂದವು,
ಗಾಳಿಯೇ ಇಲ್ಲದಲ್ಲಿ ಗುಡುಗುತ್ತ ಬಂದವು.
ಒಂದು ಕಾಳು.
ನಲವತ್ತು ಜ್ಯೋತಿರ್ವರ್ಷ ದಾಟಿ ಬಂದವರಿಗೆ
ಗಾಡಿ ನಿಲ್ಲಿಸಲು ಬಾರದೆ
ಚರ್ಚಿನ ಗೋಪುರಕ್ಕೆ ಗುದ್ದಿದರು.
ಇದಕ್ಕೆ ಕಾಳಿಲ್ಲ. ತಂಗಿಯ ಗಂಡ
ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದವನು,
ಅವನದೂ ಇದೇ ಕಥೆ.

ಬಂದದ್ದು ನೀರಿಗಂತೆ!
ಶನಿಯ ಬಳೆಗಳ ತುಂಬ ಮಂಜುಗಡ್ಡೆ,
ಗುರುವಿನ ಚಂದ್ರನೊಂದರ ಚಿಪ್ಪಿನೊಳಗೆ ಕಡಲೇ ಕಡಲು,
ಅದನ್ನೆಲ್ಲ ದಾರಿಯಲ್ಲಿ ಬಿಟ್ಟು
ಇಲ್ಲಿಗೆ, ಈ ಮರುಭೂಮಿಗೆ ಕೊಡ ಹಿಡಿದು ಬಂದಿದ್ದಾರೆ,
ಅವಳ ಬೀದಿಯ ನಲ್ಲಿಯೇ ಕೆಮ್ಮುವ ಊರಿಗೆ.
ಎರಡು ಕಾಳು. ಅಲ್ಲ, ಮೂರು.

ಅವರ ರಾಣಿ ಆಡುವುದು ಸ್ಪ್ಯಾನಿಷ್,
ಅದೂ ಮೆಕ್ಸಿಕೋದ ಧಾಟಿ.
ಡಬ್ಬಿಂಗ್ ತಾನೆ ಎಂದು ಕ್ಷಮಿಸಿ
ಎತ್ತಿದ ಕಾಳನ್ನು ಬಾಯಿಗೇ ಹಾಕಿಕೊಂಡಳು.
ಹಲ್ಲು ನೋಯಿತು.

ನಾಯಕ ಐಸ್‌ಕ್ರೀಂ ಮಾರುವವನು.
ಹಳೆಯ ಲ್ಯಾಪ್‌ಟಾಪಿನ ವಯರು ಎಳೆದು
ನೌಕೆಯ ಗೋಡೆಗೆ ಚುಚ್ಚಿದ. ಪಟ್ಟನೆ ಕೂತಿತು.
ಎದುವಿಹಿಸ್‌ಳ ಚಾರ್ಜರು
ವ್ಲಾದಿಮಿರ್‌ನ ಫೋನಿಗೇ ಆಗುವುದಿಲ್ಲ.
ಅಷ್ಟರಲ್ಲಿ ಭೂಮಿಯ ದೇಶಗಳೆಲ್ಲ
ಐದೇ ನಿಮಿಷದಲ್ಲಿ ಒಂದಾಗಿಬಿಟ್ಟವು.
ಎಣಿಸದೆ ಒಂದು ಹಿಡಿ ಜೇಬಿಗಿಳಿಯಿತು.

ಕೊನೆಗೆ ಸೋಲು ಹೇಗೆ?
ಸೋಡಾ ಕುಡಿದು. ಬಿಕ್ಕಳಿಕೆ ಹತ್ತಿ.
ಶ್ವಾಸಕೋಶವಿಲ್ಲದ, ವಪೆಯಿಲ್ಲದ,
ಮೊಣಕೈಯಿಂದ ಉಸಿರಾಡುವ ಜೀವಿಗಳು
ಒಂದೊಂದಾಗಿ ಬಿಕ್ಕಳಿಸಿ ಬಿದ್ದವು.
ಗಣಿಯವರು ಬಿದ್ದು ಬಿದ್ದು ನಕ್ಕರು.
ಅವಳೂ ನಕ್ಕಳು, ನಗುತ್ತಲೇ ಜೇಬು ತಡಕಿದಳು.

ಮನೆಯ ದಾರಿಯಲ್ಲಿ ಬೀದಿದೀಪದ ಕೆಳಗೆ ಲೆಕ್ಕ: ಹದಿನೇಳು.
‘ಆ ಹೆಡ್‌ಫೋನಿನವನು?’ ಎಂದ ವ್ಲಾದಿಮಿರ್.
‘ದೂರದರ್ಶಕದ ಕೋಣೆಯಲ್ಲಿ ಕೂತು
ಅವರ ನಮಸ್ಕಾರ ಮೊದಲು ಕೇಳಿಸಿಕೊಂಡವನು?’
‘ಅದೂ ಸೇರಿದೆ. ನಮ್ಮಲ್ಲಿ ಹೆಡ್‌ಫೋನೇ ಇಲ್ಲ.
ಬಂದದ್ದೆಲ್ಲ ಅಂಕಿಯಾಗಿ ಡಿಸ್ಕಿಗೆ ಹೋಗುತ್ತದೆ.
ಯಾರೂ ಕೇಳುತ್ತ ಕೂರುವುದಿಲ್ಲ.’
‘ಹಾಗಾದರೆ ನಿಜವಾಗಿ ನಮಸ್ಕಾರ ಅಂದರೆ?’

ನಾಯಿಯೊಂದು ರಸ್ತೆ ದಾಟಿತು.
ಈ ತೂತಿಗೆ ಅವಳ ಬಳಿ ಕಾಳಿರಲಿಲ್ಲ.

ಸೋಮವಾರ. ಐದು ಸಾವಿರ ಮೀಟರು ಮೇಲೆ,
ಮೂಗಿಗೆ ಆಮ್ಲಜನಕದ ನಳಿಗೆ,
ಕೈಯಲ್ಲಿ ಸ್ಪ್ಯಾನರು.
ಅವಳ ಕೆಲಸ ತಂಪು ಕಾಯುವುದು:
ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗೆ
ಡಿಶ್ಶುಗಳ ಕಿವಿಯನ್ನು ತಣ್ಣಗಿಡುವುದು,
ನಮ್ಮದೇ ಬಿಸಿ ನಮಗೆ ಕೇಳಿಸದಂತೆ.
ಪಂಪು ಟುಕ್ ಟುಕ್ ಅನ್ನುತ್ತಿದೆ.
ಯಾರೂ ನೋಡುತ್ತಿಲ್ಲವೆಂದು ಖಚಿತವಾದ ಮೇಲೆ
ಟೋಪಿ ಸರಿಸಿ
ಕಬ್ಬಿಣದ ಕಂಬಕ್ಕೆ ಕಿವಿ ಹಚ್ಚಿದಳು.

ಚಳಿ, ಅಷ್ಟೆ. ಕಿವಿ ಅಂಟಿಕೊಂಡಂತಾಯಿತು.
ಆಗ, ಎಲ್ಲಿತ್ತೋ,
ಒಂದು ಬಿಕ್ಕಳಿಕೆ.

ನಮ್ಮಲ್ಲಿ ಬಿಕ್ಕಳಿಸಿದವರಿಗೆ
ಯಾರೋ ನೆನೆಸಿಕೊಂಡರು ಅನ್ನುತ್ತೇವೆ,
ಒಂದೊಂದೇ ಹೆಸರು ಹೇಳಿ ನೋಡುತ್ತೇವೆ,
ಸರಿಯಾದ ಹೆಸರಿಗೆ ಅದು ನಿಲ್ಲುತ್ತದೆ.
ಹಾಗೆ ನೋಡಿದರೆ ಆ ಹಸಿರು ಸೈನ್ಯವನ್ನೂ
ನಲವತ್ತು ಜ್ಯೋತಿರ್ವರ್ಷದಾಚೆ
ಯಾರೋ ಅಡುಗೆ ಮುಗಿಸಿ ನೆನೆದಿರಬೇಕು,
ಒಬ್ಬೊಬ್ಬರನ್ನೇ, ಹೆಸರು ಹಿಡಿದು.

ಅವಳಿಗೆ ಈ ಮಾತು ಗೊತ್ತಿಲ್ಲ.
ಗೊತ್ತಾದರೆ ಹದಿನೆಂಟನೆಯ ಕಾಳು ಹುಡುಕಿಯಾಳು.
ಉಸಿರು ಹಿಡಿದು ಏಳರ ತನಕ ಎಣಿಸುತ್ತಾಳೆ,
ಇಲ್ಲಿ ಹಿಡಿಯಲು ಉಸಿರೂ ಕಡಿಮೆ.
ಬಯಲಿನ ಡಿಶ್ಶುಗಳೆಲ್ಲ ಒಟ್ಟಿಗೆ
ಒಂದಿಷ್ಟು ಎಡಕ್ಕೆ ಹೊರಳುತ್ತವೆ.

ಮತ್ತೊಂದು ಬಿಕ್ಕಳಿಕೆ.